ಕುಟೀಪ್ರವೇಶ: ದಣಿದವರ ವಿಶ್ರಾಂತಿಯ ಹಳೆಯ ಕಥೆ

ದೀರ್ಘಕಾಲದ ಆಯಾಸದಿಂದ ಬಳಲಿದವರಿಗಾಗಿ ಕೇರಳದ ಕಡಲತೀರದಲ್ಲಿಯೂ ನಮ್ಮ ಮಲೆನಾಡಿನಲ್ಲಿಯೂ ಆಯುರ್ವೇದ ವಿಶ್ರಾಂತಿಧಾಮಗಳು ತಲೆಯೆತ್ತಿವೆ. ಅವರವರ ಪ್ರಕೃತಿಯನ್ನು ನೋಡಿ ಆಹಾರ, ಅಭ್ಯಂಗ, ಔಷಧಗಳನ್ನು ಗೊತ್ತುಮಾಡುತ್ತೇವೆ, 14 ಅಥವಾ 21 ದಿನ ಬಂದಿರಿ ಎಂಬುದು ಅವುಗಳ ಆಹ್ವಾನ. ಇದೆಲ್ಲ ಪ್ರವಾಸೋದ್ಯಮದ ಹೊಸ ಹೂಟವೆಂದು ಭಾವಿಸುವವರೇ ಹೆಚ್ಚು. ವ್ಯಾಪಾರವೇನೋ ಹೊಸದು, ಕೇರಳದಲ್ಲಿ ಅದು ಬೆಳೆದದ್ದು 1990ರ ದಶಕದಿಂದ ಈಚೆಗೆ. ಆದರೆ ಅದರ ನಕ್ಷೆ ಚರಕಸಂಹಿತೆಯಷ್ಟು ಹಳೆಯದು.

ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯವೇ ರಸಾಯನ. ಅದರ ನಾಲ್ಕನೆಯ ಪಾದದಲ್ಲಿ ಒಂದು ಕಥೆಯಿದೆ. ಭೃಗು, ಅಂಗಿರಸ, ಅತ್ರಿ, ವಸಿಷ್ಠರೇ ಮೊದಲಾದ ಋಷಿಗಳು ಊರುಗಳಲ್ಲಿ ನೆಲೆಸಿ, ಊರಿನ ಆಹಾರ ಔಷಧಗಳಿಗೆ ಒಗ್ಗಿಹೋದರು. ಮೈ ಬೆಳೆಯಿತು, ಚಟುವಟಿಕೆ ಕುಂದಿತು, ತಮ್ಮ ನಿತ್ಯಕರ್ಮಗಳನ್ನು ನಡೆಸಲೂ ಆಗದಷ್ಟು ಜಡತೆ ಆವರಿಸಿತು. ಇದು ಗ್ರಾಮವಾಸದ ದೋಷವೆಂದು ತಿಳಿದು ಅವರು ತಮ್ಮ ಮೊದಲಿನ ನೆಲೆಯಾದ ಹಿಮಾಲಯಕ್ಕೆ ಮರಳಿದರು; ಅಲ್ಲಿ ಇಂದ್ರನು ರಸಾಯನಗಳನ್ನು ಉಪದೇಶಿಸಿದನು. ಊರು ಬಿಟ್ಟು ಬೆಟ್ಟಕ್ಕೆ ಹೋದರೆ ದಣಿವು ನೀಗುತ್ತದೆಂಬ ನಂಬಿಕೆಗೆ ಇಷ್ಟು ಹಿರಿಯ ವಂಶಾವಳಿಯಿದೆ!

ಸಂಹಿತೆ ಎರಡು ವಿಧಾನಗಳನ್ನು ಹೇಳುತ್ತದೆ. ಮೊದಲನೆಯದು ಕುಟೀಪ್ರಾವೇಶಿಕ. ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿ, ಒಂದರೊಳಗೊಂದು ಮೂರು ಕೋಣೆಗಳಿರುವ ಕುಟಿಯನ್ನು ಕಟ್ಟಬೇಕು. ಗೋಡೆ ದಪ್ಪ, ಕಿಂಡಿ ಸಣ್ಣವು, ಅಹಿತವಾದ ಸದ್ದು ಒಳಗೆ ಬರಕೂಡದು. ಕುಟಿಯಿರುವುದು ಅಡವಿಯಲ್ಲಲ್ಲ, ವೈದ್ಯರೂ ಸಜ್ಜನರೂ ಇರುವ, ಬೇಕಾದ ಪದಾರ್ಥ ದೊರೆಯುವ ನಗರದ ಬಳಿ ಎಂಬುದನ್ನು ಗಮನಿಸಬೇಕು. ಉತ್ತರಾಯಣದ ಶುಕ್ಲಪಕ್ಷದಲ್ಲಿ ಪ್ರವೇಶ. ಮೊದಲು ಶೋಧನ, ಆಮೇಲೆ ಕೆಲವು ದಿನ ತುಪ್ಪ ಬೆರೆಸಿದ ಜವೆಗೋದಿಯ ಆಹಾರ, ಅನಂತರವೇ ರಸಾಯನ. ಶುದ್ಧವಾಗದ ದೇಹಕ್ಕೆ ರಸಾಯನ ಕೊಡುವುದು ಕೊಳೆಬಟ್ಟೆಗೆ ಬಣ್ಣ ಹಾಕಿದಂತೆ ಎಂದು ಸುಶ್ರುತನ ಅಭಿಪ್ರಾಯ. ಯಾವ ರಸಾಯನ ಎಂಬುದನ್ನು ವಯಸ್ಸು, ಪ್ರಕೃತಿ, ಸಾತ್ಮ್ಯಗಳನ್ನು ಬಲ್ಲ ವೈದ್ಯನೇ ನಿರ್ಧರಿಸಬೇಕು.

ಇದು ಯಾರಿಗೆ? ಸಮರ್ಥರಿಗೆ, ರೋಗವಿಲ್ಲದವರಿಗೆ, ಬಿಡುವುಳ್ಳವರಿಗೆ, ಪರಿಚಾರಕರೂ ಸಲಕರಣೆಗಳೂ ಇರುವವರಿಗೆ ಎಂದು ಚರಕ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಮಿಕ್ಕವರಿಗೆ ಗಾಳಿಬಿಸಿಲಿನಲ್ಲಿ ತಮ್ಮ ಕೆಲಸ ಮಾಡಿಕೊಂಡೇ ಸೇವಿಸುವ ವಾತಾತಪಿಕ ವಿಧಾನ. ಅದರ ಜೊತೆಗೆ ಆಚಾರರಸಾಯನವೂ ಉಂಟು: ಸತ್ಯ, ಅಕ್ರೋಧ, ಅತಿಶ್ರಮವಿಲ್ಲದ ದುಡಿಮೆ, ಹೊತ್ತಿಗೆ ಸರಿಯಾದ ನಿದ್ರೆ ಎಚ್ಚರ. ಕಾಸಿಲ್ಲದ ಚಿಕಿತ್ಸೆ ಎಂದು ಇದನ್ನು ಹೊಗಳುವವರುಂಟು. ಅತಿಶ್ರಮ ಮಾಡಬೇಡ ಎಂದರೆ ಕೂಲಿಯವನು ಏನು ಮಾಡಬೇಕೋ!

ನಮಗೆ ಸಮೀಪದ ಕಾಲದಲ್ಲಿ ಕುಟೀಪ್ರವೇಶ ಮಾಡಿದ ಪ್ರಸಿದ್ಧರೆಂದರೆ ಪಂಡಿತ ಮದನಮೋಹನ ಮಾಳವೀಯರು. 1861ರಲ್ಲಿ ಜನಿಸಿದ ಅವರು ಕಾಶಿ ಹಿಂದೂ ವಿಶ್ವವಿದ್ಯಾಲಯಕ್ಕಾಗಿ ದೇಶವೆಲ್ಲ ಸುತ್ತಿ, ಕಾಂಗ್ರೆಸ್ಸಿನ ಕೆಲಸದಲ್ಲಿ ತೇದು, ಎಪ್ಪತ್ತು ದಾಟುವ ಹೊತ್ತಿಗೆ ಬಸವಳಿದಿದ್ದರು. 1938ರಲ್ಲಿ ತಪಸೀ ಬಾಬಾ ಎಂಬ ಸಾಧುವಿನ ಮೇಲ್ವಿಚಾರಣೆಯಲ್ಲಿ ಪ್ರಯಾಗದ ಬಳಿ ಸುಮಾರು 40 ದಿನ ಕತ್ತಲ ಕುಟಿಯಲ್ಲಿದ್ದು ಕಾಯಕಲ್ಪ ಮಾಡಿಸಿಕೊಂಡರು. ಪತ್ರಿಕೆಗಳು ಅದನ್ನು ಕುತೂಹಲದಿಂದ ವರದಿ ಮಾಡಿದವು. ಯೌವನ ಮರಳಲಿಲ್ಲ, ದೊರೆತ ಚೇತರಿಕೆಯೂ ಬಹುಕಾಲ ಬಾಳಲಿಲ್ಲ. 1939ರಲ್ಲಿ ವಿಶ್ವವಿದ್ಯಾಲಯದ ಕುಲಪತಿ ಸ್ಥಾನಕ್ಕೆ ರಾಧಾಕೃಷ್ಣನ್ ಬಂದರು (ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಹಿಂದೆ ಪಾಠ ಹೇಳಿದವರು). ಮಾಳವೀಯರು 1946ರ ನವೆಂಬರಿನಲ್ಲಿ ತೀರಿಕೊಂಡರು.

ಇದರ ಎದುರಿಗೆ ನಮ್ಮ ನಾಡಿನ ಇನ್ನೊಂದು ನಿದರ್ಶನವಿದೆ. 1927ರಲ್ಲಿ ಖಾದಿಪ್ರವಾಸದ ಭರದಲ್ಲಿ ಗಾಂಧೀಜಿ ನಿಪ್ಪಾಣಿಯಲ್ಲಿ ಕುಸಿದರು, ರಕ್ತದೊತ್ತಡ ಏರಿತ್ತು. ಏಪ್ರಿಲಿನಲ್ಲಿ ನಂದಿಬೆಟ್ಟಕ್ಕೆ ಬಂದು, ಜೂನಿನಲ್ಲಿ ಬೆಂಗಳೂರಿಗಿಳಿದರು. ಅವರಿಗೆ ವೈದ್ಯರು ವಿಧಿಸಿದ್ದು ಮುಖ್ಯವಾಗಿ ವಿಶ್ರಾಂತಿಯನ್ನೇ. ಚೇತರಿಸಿಕೊಂಡ ಮೇಲೆ ಅದೇ ಪ್ರವಾಸವನ್ನು ಮೈಸೂರು ಸೀಮೆಯಲ್ಲಿ ಮುಂದುವರಿಸಿದರು.

ಇವರಿಬ್ಬರೂ ದೊಡ್ಡವರು, ಅವರ ದಣಿವಿಗೆ ದೇಶವೇ ಕಾದು ನಿಂತಿತು. ಸಾಮಾನ್ಯ ಮನೆಗಳಲ್ಲಿ ಕುಟೀಪ್ರವೇಶವೆಂದರೆ ಬಾಣಂತನ ಎಂದು ನನಗೆ ಬಹುಕಾಲದಿಂದ ತೋರಿದೆ. ಮಬ್ಬುಬೆಳಕಿನ ಕೋಣೆ, ಮುಚ್ಚಿದ ಕಿಟಕಿ, ಎಣ್ಣೆ ತಿಕ್ಕಿ ಹಂಡೆ ನೀರು ಹೊಯ್ಯುವ ಅನುಭವಸ್ಥೆ, ಸಾಂಬ್ರಾಣಿಯ ಹೊಗೆ, ಲೇಹ, ಪಥ್ಯದ ಸಾರು. ಹೆಣ್ಣಿಗೆ ತನ್ನ ಆಯುಸ್ಸಿನಲ್ಲಿ ಸಿಕ್ಕ ಶಾಸ್ತ್ರೋಕ್ತ ವಿಶ್ರಾಂತಿ ಅದೊಂದೇ, ಅದೂ ತವರಿದ್ದರೆ. ನನ್ನ ತಾಯಿಯ ಮೊದಲ ಬಾಣಂತನಗಳು ಮೂರು ಮೂರು ತಿಂಗಳು ನಡೆದವಂತೆ. ಕೊನೆಯ ಹೆರಿಗೆಯ ಹೊತ್ತಿಗೆ ಅಜ್ಜಿ ಇರಲಿಲ್ಲ. ಹನ್ನೆರಡನೆಯ ದಿನ ಆಕೆ ಒಲೆಯ ಮುಂದೆ ಕುಳಿತಿದ್ದುದು ನನಗೆ ಚೆನ್ನಾಗಿ ನೆನಪಿದೆ. ನಮ್ಮ ಗದ್ದೆಗೆ ಬರುತ್ತಿದ್ದ ಆಳಿನ ಹೆಂಗಸರು ಅಷ್ಟು ದಿನವನ್ನೂ ಕಂಡವರಲ್ಲ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಎರಡು ವರ್ಷಗಳಿಂದ ನಿದ್ದೆ ಮಾಡಿದರೂ ದಣಿವು ಆರುತ್ತಿಲ್ಲ, ಇಂಥದೊಂದು ಧಾಮಕ್ಕೆ ಹೋಗಲೇ ಎಂದು ಕೇಳಿದಳು. ಮೊದಲು ರಕ್ತ, ಥೈರಾಯ್ಡ್, ಸಕ್ಕರೆಯ ಪರೀಕ್ಷೆ ಮಾಡಿಸು ಎಂದೆ. ರಕ್ತಹೀನತೆಯನ್ನು ಆಯಾಸವೆಂದು ಹೊತ್ತು ತಿರುಗುವ ಹೆಂಗಸರು ನಮ್ಮಲ್ಲಿ ಬಹಳ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇಂತಹ ಉದ್ಯೋಗದ ಬಳಲಿಕೆಯನ್ನು ರೋಗವೆಂದಲ್ಲ, ದುಡಿಮೆಗೆ ಸಂಬಂಧಿಸಿದ ಸ್ಥಿತಿಯೆಂದು ವರ್ಗೀಕರಿಸಿತೆಂಬುದನ್ನೂ ತಿಳಿಸಿದೆ. ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಹೋಗಿ ಬಾ. ಆದರೆ ಪದವಿ ಪಡೆದ ವೈದ್ಯರು ನಿನ್ನನ್ನು ಕೂರಿಸಿ ವಿಚಾರಿಸಿದ ಮೇಲೆ ಚಿಕಿತ್ಸೆ ಬರೆಯುತ್ತಾರೋ, ಅಥವಾ ಹಣ ಕಟ್ಟುವಾಗಲೇ ಪಟ್ಟಿ ಸಿದ್ಧವಿದೆಯೋ ಕೇಳಿಕೋ ಎಂದೆ. ಸ್ನೇಹಪಾನಕ್ಕೇ 3ರಿಂದ 7 ದಿನ ಬೇಕು, ಶೋಧನದ ಬಳಿಕ ಗಂಜಿಯಿಂದ ಅನ್ನಕ್ಕೆ ಮರಳಲು ಮತ್ತಷ್ಟು ದಿನ. ಅವಳಿಗೆ ಮಂಜೂರಾದ ರಜೆ ಶನಿವಾರ ಭಾನುವಾರಗಳನ್ನು ಸೇರಿಸಿ 9 ದಿನ.