ಕರಟದ ಚೂರು ಮತ್ತು ಮೊದಲ ಮೀಟು

ಚಿಕ್ಕನಾಯಕನಹಳ್ಳಿ ತಾಲೂಕಿನ ಹಂದನಕೆರೆ ಸೀಮೆಯಲ್ಲಿ ತೆಂಗಿನ ಕರಟಕ್ಕೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ. ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿಗೆ ಸಾಗಿಸಿದ ಮೇಲೆ ಉಳಿದ ಕರಟ ಒಲೆಗೆ ಹೋಗುತ್ತದೆ, ಇಲ್ಲವೇ ಇದ್ದಿಲಾಗುತ್ತದೆ. ಆದರೆ ಸರೋದ್ ನುಡಿಸುವವರು ಇದೇ ಕರಟದ ದಪ್ಪನೆಯ ಚೂರನ್ನು ಆರಿಸಿ, ಅರದಿಂದ ಉಜ್ಜಿ, ನುಣುಪು ಮಾಡಿ ಬೆರಳ ನಡುವೆ ಹಿಡಿಯುತ್ತಾರೆ. ಅದಕ್ಕೆ ಜವಾ ಎಂದು ಹೆಸರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದ ಪಂಡಿತ್ ತಾರಾನಾಥರ ಮಗ, ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯ, 2024ರಲ್ಲಿ ನಮ್ಮನ್ನು ಅಗಲಿದ ರಾಜೀವ ತಾರಾನಾಥರ ಸರೋದನ್ನು ಕೇಳಿದವರು ಕರಟವೂ ಮಾತಾಡಬಲ್ಲದೆಂದು ಬಲ್ಲರು.

ಈಗ ಹೋಬಳಿಯ ಊರುಗಳಿಗೂ ಗಿಟಾರ್ ಬಂದಿದೆ. ಮಗ ಹಟ ಹಿಡಿದು ತರಿಸಿಕೊಳ್ಳುತ್ತಾನೆ. ಎರಡು ತಿಂಗಳಾಗುವಷ್ಟರಲ್ಲಿ ಅದು ಗೋಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಬೆರಳ ತುದಿ ಉರಿಯುತ್ತದೆ, ಹಾಡು ಬರುವುದಿಲ್ಲ ಎನ್ನುವುದು ಮಗನ ದೂರು. ಪಾಶ್ಚಾತ್ಯರ ವಾದ್ಯ ನಮಗೇಕಪ್ಪಾ ಎನ್ನುವುದು ಹಿರಿಯರ ದೂರು. ಈ ಎರಡನೆಯ ಮಾತು ನಮ್ಮ ಮನೆಗಳಲ್ಲೂ ಕೇಳುತ್ತದೆ, ನೆರೆಮನೆಗಳಲ್ಲೂ ಕೇಳುತ್ತದೆ. ಇತಿಹಾಸ ಬಿಡಿಸಿ ನೋಡಿದರೆ ಎರಡೂ ದೂರುಗಳು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

ಆ ಜಾಗ ಒಂಬತ್ತನೆಯ ಶತಮಾನದ ಬಗ್ದಾದ್. ಅಲ್ಲಿ ಅಲ್-ಕಿಂದಿ ಎಂಬ ಮಹಾ ದಾರ್ಶನಿಕರಿದ್ದರು. ಗಣಿತ, ವೈದ್ಯ, ಖಗೋಳಗಳ ಜೊತೆಗೆ ಸಂಗೀತದ ಮೇಲೂ ಹಲವು ಗ್ರಂಥಗಳನ್ನು ಬರೆದವರು. ಅವುಗಳಲ್ಲೊಂದರಲ್ಲಿ ಊದ್ ವಾದ್ಯ ಕಲಿಯಲು ಕೂತ ಹೊಸಬನಿಗಾಗಿ ಒಂದು ಅಭ್ಯಾಸಪಾಠವಿದೆ. ಅರಬ್ಬೀ ಬರಹದಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಸ್ವರಲಿಪಿಗಳಲ್ಲಿ ಇದೂ ಒಂದು. ಗಮನಿಸಿ, ಉಳಿದದ್ದು ಆಸ್ಥಾನದ ಮಹಾನ್ ಗಾನವಲ್ಲ, ಬೆರಳು ಪಳಗಿಸುವ ಮೊದಲ ಪಾಠ! ಅರಿಸ್ಟಾಟಲನನ್ನು ಅರಬ್ಬರಿಗೆ ಪರಿಚಯಿಸಿದ ಪಂಡಿತರೊಬ್ಬರು ಈ ಕೆಲಸವನ್ನು ಸಣ್ಣದೆಂದು ಭಾವಿಸಲಿಲ್ಲ.

ಅದೇ ಬಗ್ದಾದಿನಿಂದ ಹೊರಟ ಜಿರ್ಯಾಬ್ 822ರಲ್ಲಿ ಸ್ಪೇನಿನ ಕಾರ್ಡೋಬಾ ತಲುಪಿದರು. ಊದ್‌ಗೆ ಐದನೆಯ ತಂತಿ ಸೇರಿಸಿದ್ದು, ತಂತಿ ಮೀಟಲು ಮರದ ಚೂರಿನ ಬದಲು ಹದ್ದಿನ ಗರಿಯನ್ನು ಬಳಸಿದ್ದು ಅವರೇ ಎಂದು ಹದಿನೇಳನೆಯ ಶತಮಾನದ ಇತಿಹಾಸಕಾರ ಅಲ್-ಮಕ್ಕರಿ ದಾಖಲಿಸಿದ್ದಾರೆ. ಜಿರ್ಯಾಬರ ಶಾಲೆಯ ಪಾಠಕ್ರಮವೂ ಕುತೂಹಲದ್ದು. ಶಿಷ್ಯ ಮೊದಲು ಲಯ ಮತ್ತು ಮಾತನ್ನು ಕಲಿಯಬೇಕು, ಆಮೇಲೆ ಬರಿಯ ರಾಗವನ್ನು, ಅಲಂಕಾರ ಕೊನೆಗೆ. ಇಂದಿನ ಹುಡುಗರು ಫೋನಿನಲ್ಲಿ ನೋಡಿ ನೇರವಾಗಿ ಅಲಂಕಾರಕ್ಕೇ ಕೈ ಹಾಕುತ್ತಾರೆ. (ಸಂಗೀತ ಸಲ್ಲುತ್ತದೋ ಇಲ್ಲವೋ ಎಂಬ ಚರ್ಚೆ ಉಲಮಾಗಳಲ್ಲಿ ಆಗಲೂ ಇತ್ತು, ಈಗಲೂ ಇದೆ. ಅದನ್ನು ತೀರ್ಮಾನಿಸಲು ನಾವಿಲ್ಲಿ ಹೊರಟಿಲ್ಲ, ನಡೆದದ್ದನ್ನು ಹೇಳುತ್ತಿದ್ದೇವೆ.)

ಊದ್ ಯೂರೋಪಿನಲ್ಲಿ ಲ್ಯೂಟ್ ಆಯಿತು. ಆ ಹೆಸರೇ ‘ಅಲ್-ಊದ್’ನಿಂದ ಬಂದದ್ದು. ಗಿಟಾರ್ ಎಂಬ ಹೆಸರು ಗ್ರೀಕಿನ ಕಿಥಾರಾದಿಂದ ಹೊರಟು ಅರಬ್ಬೀ ನಾಲಿಗೆಯನ್ನು ದಾಟಿ ಸ್ಪ್ಯಾನಿಷ್ ಸೇರಿತು. ಇಂದು ನಾವು ಕಾಣುವ ಗಿಟಾರಿನ ಆಕಾರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದ ಆಂಟೋನಿಯೋ ಡಿ ಟೊರೆಸ್ ಹುಟ್ಟಿದ್ದು ಅದೇ ಆಂದಲೂಸಿನ ನೆಲದಲ್ಲಿ. ಇದನ್ನು ಪರರದು ಎಂದು ದೂರ ತಳ್ಳುವವರಿಗೂ, ಎಲ್ಲವೂ ನಮ್ಮದೇ ಎಂದು ಬೀಗುವವರಿಗೂ ಈ ದಾರಿ ಅಷ್ಟು ಅನುಕೂಲದ್ದಲ್ಲ. ವಾದ್ಯಗಳು ಕೈಯಿಂದ ಕೈಗೆ ಬಂದಿವೆ, ಪ್ರತಿ ಕೈಯೂ ಒಂದಿಷ್ಟು ಸೇರಿಸಿದೆ.

ಮೊದಲ ಪಾಠದ ಘನತೆ ಅಲ್ಲೂ ಕುಗ್ಗಲಿಲ್ಲ. 1812ರಲ್ಲಿ ವಿಯೆನ್ನಾದಲ್ಲಿ ಮಾವ್ರೊ ಜೂಲಿಯಾನಿ ಬಲಗೈಗೆಂದೇ 120 ಅಭ್ಯಾಸಗಳನ್ನು ಅಚ್ಚು ಹಾಕಿಸಿದರು. ಎಡಗೈಗೆ ಅದರಲ್ಲಿ ಕೆಲಸವೇ ಕಡಿಮೆ. ಹೆಚ್ಚುಕಡಿಮೆ ಎರಡೇ ಸ್ವರಮೇಳಗಳ ನಡುವೆ ಓಡಾಟ. ಮೀಟುವ ಬೆರಳುಗಳ ಸರದಿ ಮಾತ್ರ ಬದಲಾಗುತ್ತ ಹೋಗುತ್ತದೆ. ನಮ್ಮಲ್ಲಿ ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ ವರಸೆಯೂ ಮಾಯಾಮಾಳವಗೌಳವೊಂದನ್ನೇ ಹಿಡಿದು ಕೂರಿಸುವುದು ಇದೇ ಜಾಣತನದಿಂದ. ಕಲಿಯುವವನ ಮುಂದೆ ಒಂದೇ ಕಷ್ಟವನ್ನು ಇಡಬೇಕು, ಎರಡನ್ನು ಇಡಬಾರದು.

ಕನ್ನಡ ನಾಡಿನಲ್ಲಿ ಈ ಕೆಲಸ ಮಾಡಿದವರಲ್ಲಿ ಧಾರವಾಡದ ಸಿತಾರ್ ರತ್ನ ರಹಿಮತ್ ಖಾನರನ್ನು ನೆನೆಯಲೇಬೇಕು. ಬೀನಕಾರ ಬಂದೇ ಅಲಿ ಖಾನರ ಶಿಷ್ಯರಾದ ಇವರು ಉತ್ತರದಿಂದ ಬಂದು ಧಾರವಾಡದಲ್ಲಿ ನೆಲೆಸಿ, ಭಾರತೀಯ ಸಂಗೀತ ವಿದ್ಯಾಲಯ ನಡೆಸಿದರು. ಸಿತಾರಿನ ತಂತಿಗಳ ಜೋಡಣೆಯನ್ನು ಬದಲಿಸಿ ಮಂದ್ರದ ತಂತಿಗೆ ಜಾಗ ಮಾಡಿಕೊಟ್ಟದ್ದು ಇವರೇ ಎನ್ನುತ್ತದೆ ಆ ಪರಂಪರೆ. 1954ರಲ್ಲಿ ಇವರು ತೀರಿಕೊಂಡ ಮೇಲೂ ಪಾಠ ನಿಲ್ಲಲಿಲ್ಲ. ಮೊಮ್ಮಗ ಉಸ್ತಾದ್ ಬಾಲೇಖಾನರು (1942–2007) ಅದನ್ನು ನಮ್ಮ ಕಾಲದವರೆಗೆ ತಂದರು. ಈ ಉಸ್ತಾದರ ಮುಂದೆ ಕೂತ ಮಕ್ಕಳ ಜಾತಿ ಧರ್ಮವನ್ನು ಯಾರೂ ಲೆಕ್ಕ ಇಡಲಿಲ್ಲ. ಆದರೆ ಕನ್ನಡದ ಸಂಗೀತ ಚರಿತ್ರೆ ಕಛೇರಿಗಳನ್ನು ಬರೆದಷ್ಟು ಈ ಪಾಠದ ಮನೆಗಳನ್ನು ಬರೆಯಲಿಲ್ಲ ಎಂಬುದು ನಮ್ಮ ಕೊರಗು.

ಸಿತಾರಿನ ಮೊದಲ ಪಾಠ ಎರಡೇ ಅಕ್ಷರ: ದಾ, ರಾ. ತೋರುಬೆರಳಿಗೆ ಮಿಜರಾಬ್ ತೊಟ್ಟು ಒಳಕ್ಕೆ ಒಂದು ಮೀಟು, ಹೊರಕ್ಕೆ ಒಂದು ಮೀಟು. ಎರಡರ ಸದ್ದೂ ಒಂದೇ ತೂಕದಲ್ಲಿ ಬರುವವರೆಗೆ ಅಷ್ಟೇ. ಗಿಟಾರಿನ ಹುಡುಗನ ಪಿಕ್‌ಗೂ ಕೆಳಕ್ಕೆ ಒಂದು, ಮೇಲಕ್ಕೆ ಒಂದು, ಪಾಠ ಬೇರೆಯಲ್ಲ. ಬೆರಳ ಉರಿಗೂ ಹಳೆಯ ಮದ್ದೇ ಇದೆ. ಎಡಗೈ ಬೆರಳನ್ನು ಲೋಹದ ಫ್ರೆಟ್ಟಿನ ಒತ್ತಿಗೇ, ಅದರ ಹಿಂಬದಿಗೆ ಇಟ್ಟರೆ ಅರ್ಧ ಬಲ ಸಾಕು. ದೂರ ಇಟ್ಟರೆ ಎಷ್ಟು ಒತ್ತಿದರೂ ತಂತಿ ಬರ್‍ರೆನ್ನುತ್ತದೆ. ಹೆಬ್ಬೆರಳು ದಂಡಿಯ ಹಿಂದೆ ಸಡಿಲವಾಗಿರಲಿ. ದಿನಕ್ಕೆ ಕಾಲು ಗಂಟೆ, ನಿಧಾನವಾಗಿ, ತಪ್ಪಿಲ್ಲದೆ. ಭಾನುವಾರ ಒಂದೇ ದಿನ ಮೂರು ಗಂಟೆ ಬೇಡ. ಕೆಲವು ವಾರಗಳಲ್ಲಿ ಬೆರಳ ತುದಿ ಗಟ್ಟಿಯಾಗುತ್ತದೆ.

ಇನ್ನು ಪಿಕ್ ಕಳೆದುಹೋಯಿತು ಎಂಬ ನೆಪವಂತೂ ಹಂದನಕೆರೆಯಲ್ಲಿ ನಡೆಯುವುದಿಲ್ಲ. ತೆಂಗಿನ ಕರಟದ ಪಿಕ್‌ಗಳನ್ನು ಈಗ ದುಡ್ಡು ಕೊಟ್ಟು ಕೊಳ್ಳುವವರಿದ್ದಾರೆ. ಇಲ್ಲಿ ಅದು ಒಲೆಯ ಪಕ್ಕದಲ್ಲೇ ರಾಶಿ ಬಿದ್ದಿದೆ, ಉಜ್ಜಲು ಒಂದು ಅರ ಇದ್ದರಾಯಿತು.