ದೊಡ್ಡ ಮನೆಗೆ ಹೋಗಬೇಕೆ?

ದಿಲ್ಲಿಯ ಸರಕಾರಿ ನೌಕರಿಯಲ್ಲಿರುವ ನಮ್ಮವರಿಗೆಲ್ಲ ಪರಿಚಿತವಾದ ಒಂದು ಧರ್ಮಸಂಕಟವುಂಟು. ಸಂಬಳ ಒಂದು ಹಂತ ಮೇಲೇರಿತೆಂದರೆ ಮೇಲಿನ ದರ್ಜೆಯ ಕ್ವಾರ್ಟರ್ಸಿಗೆ ಅರ್ಹತೆ ಬರುತ್ತದೆ. ಅಷ್ಟು ಹೊತ್ತಿಗೆ ಮಗಳು ಮದುವೆಯಾಗಿ ಗಂಡನ ಮನೆ ಸೇರಿರುತ್ತಾಳೆ, ಮಗ ಬೇರೆ ಊರಿನಲ್ಲಿ ಓದುತ್ತಲೋ ದುಡಿಯುತ್ತಲೋ ಇರುತ್ತಾನೆ. ಇರುವ ಎರಡು ಕೋಣೆಗಳೇ ಹೆಚ್ಚು ಎನ್ನಿಸುವ ಕಾಲದಲ್ಲಿ ನಾಲ್ಕು ಕೋಣೆಯ ಮನೆ ಸಿಗುತ್ತದೆ! ಹೊಸ ಪರದೆ, ಹೊಸ ಕುರ್ಚಿ, ಗುಡಿಸಿ ಒರೆಸಲು ಇನ್ನೊಬ್ಬ ಆಳು, ಇಪ್ಪತ್ತು ವರ್ಷ ಒಡನಾಡಿದ ನೆರೆಹೊರೆಯನ್ನು ಬಿಡುವ ಸಂಕಟ. ಇಷ್ಟೆಲ್ಲ ಇದ್ದರೂ ಅರ್ಜಿ ತುಂಬದೆ ಸುಮ್ಮನಿರುವವರು ಕಡಿಮೆ. 'ಪದವಿಗೆ ತಕ್ಕ ಮನೆ ಬೇಡವೆ?' ಎಂದು ಆಫೀಸಿನವರು ಕೇಳುತ್ತಾರೆ. ಊರಿಂದ ಬಂದ ಸೋದರಮಾವನೂ ಅದನ್ನೇ ಕೇಳುತ್ತಾನೆ.

ಈ 'ಪದವಿಗೆ ತಕ್ಕ ಮನೆ' ಎಂಬ ಮಾತು ಎಲ್ಲಿಂದ ಬಂತೆಂದು ಹುಡುಕಿದರೆ ಹೊಸದಿಲ್ಲಿಯ ಬುನಾದಿಗೇ ಹೋಗಬೇಕಾಗುತ್ತದೆ. ನಮ್ಮ ಊರುಗಳಲ್ಲಿ ಮನೆ ದೊಡ್ಡದಾಗುವುದು ಮನೆಮಂದಿ ಹೆಚ್ಚಿದಾಗ, ಇಲ್ಲವೆ ಪೈರು ಹೆಚ್ಚಿ ಕಣಜ ಸಾಲದಾದಾಗ. 1911ರ ಡಿಸೆಂಬರಿನ ದರಬಾರಿನಲ್ಲಿ ಐದನೆಯ ಜಾರ್ಜ್ ದೊರೆ ರಾಜಧಾನಿಯನ್ನು ಕಲಕತ್ತೆಯಿಂದ ದಿಲ್ಲಿಗೆ ತರುವುದಾಗಿ ಸಾರಿದ ಮೇಲೆ ರಚಿತವಾದ ನಗರದಲ್ಲಿ ಮನೆಯ ಅಳತೆಗೋಲೇ ಬೇರೆಯಾಯಿತು. ರೈಸಿನಾ ಗುಡ್ಡದ ನೆತ್ತಿಯಲ್ಲಿ ವೈಸರಾಯಿ. ಅಲ್ಲಿಂದ ಕೆಳಗಿಳಿದಂತೆ ದೊಡ್ಡ ಅಧಿಕಾರಿಗಳ ಬಂಗಲೆಗಳು. ಅವುಗಳಿಂದಾಚೆ ಗುಮಾಸ್ತರ ವಸತಿಗಳು, ಅವರಲ್ಲೂ ಬಿಳಿಯರಿಗೆ ಬೇರೆ, ಕರಿಯರಿಗೆ ಬೇರೆ. ಜವಾನರದು ಇನ್ನೂ ದೂರ. ಹೆಂಡತಿ ಮಕ್ಕಳು ಎಷ್ಟು ಮಂದಿ ಎಂದು ಯಾರೂ ಕೇಳಲಿಲ್ಲ. ಹುದ್ದೆ ಯಾವುದು ಎಂದು ಮಾತ್ರ ಕೇಳಿದರು. ಸಾಮ್ರಾಜ್ಯ ಹೋಯಿತು, ಆ ಅಳತೆಗೋಲು ಉಳಿಯಿತು. ಅದನ್ನು ಒಪ್ಪಬೇಕೋ ಬಿಡಬೇಕೋ ಎಂಬ ಪ್ರಶ್ನೆ ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಹಿರಿಯರ ಮುಂದೆ ಬಂದು ನಿಂತ ಬಗೆಯನ್ನು ಇಲ್ಲಿ ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇವೆ.

ಮೊದಲು ಗುಡ್ಡದ ಮೇಲಿನ ಮನೆಯನ್ನೇ ನೋಡೋಣ. ಎಡ್ವಿನ್ ಲಟ್ಯೆನ್ಸ್ ಎಂಬ ಶಿಲ್ಪಿಯ ಕಲ್ಪನೆ ಅದು. ನಾಲ್ಕು ವರ್ಷಗಳಲ್ಲಿ ಮುಗಿಯಬೇಕೆಂದಿದ್ದ ಕೆಲಸ ನಡುವೆ ಮಹಾಯುದ್ಧವೂ ಬಂದು ಹದಿನೇಳು ವರ್ಷ ಎಳೆಯಿತು. ನಾಲ್ಕು ಅಂತಸ್ತು, 340 ಕೋಣೆ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಪಡಸಾಲೆಗಳು, ಸುತ್ತ 330 ಎಕರೆ ನೆಲ. ತೋಟಕ್ಕೇ 418 ಮಾಲಿಗಳಿದ್ದರೆಂದೂ ಅವರಲ್ಲಿ ಐವತ್ತು ಹುಡುಗರಿಗೆ ಹಕ್ಕಿ ಓಡಿಸುವುದಷ್ಟೇ ಕೆಲಸವೆಂದೂ ಆ ಕಾಲವನ್ನು ಕುರಿತು ಬರೆದವರು ಹೇಳುತ್ತಾರೆ. ಹೊಲ ಕಾಯುವ ಹುಡುಗನಾದರೂ ಜೋಳ ಉಳಿಸುತ್ತಾನೆ. ಇಲ್ಲಿ ಉಳಿಸುವುದಕ್ಕೆ ಹೂವು ಮಾತ್ರವಿತ್ತು. ವಾಸಿಸಲು ಬಂದದ್ದು ಒಬ್ಬ ವೈಸರಾಯಿ ಮತ್ತು ಅವನ ಸಂಸಾರ.

ಆ ಮನೆಗೆ ಗೃಹಪ್ರವೇಶವೂ ಸುಖವಾಗಿ ಆಗಲಿಲ್ಲ. 1929ರ ಡಿಸೆಂಬರ್ 23ರಂದು ಲಾರ್ಡ್ ಇರ್ವಿನ್ ದಿಲ್ಲಿಗೆ ಬರುತ್ತಿದ್ದ ರೈಲಿನ ಕೆಳಗೆ ಕ್ರಾಂತಿಕಾರಿಗಳು ಇಟ್ಟ ಬಾಂಬು ಸಿಡಿಯಿತು. ಆತ ಪಾರಾದ. ಅದೇ ದಿನ ಹೊಸ ಮನೆಯಲ್ಲಿ ಅವನನ್ನು ಕಾಣಲು ಬಂದವರಲ್ಲಿ ಗಾಂಧೀಜಿಯವರು ಒಬ್ಬರು. ಎರಡೂವರೆ ತಿಂಗಳು ಕಳೆಯುವುದರೊಳಗೆ, 1930ರ ಮಾರ್ಚ್ 2ರಂದು, ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ ಇರ್ವಿನ್ನನಿಗೆ ಬರೆದ ಪತ್ರದಲ್ಲಿ ಗಾಂಧೀಜಿ ಲೆಕ್ಕ ಹಾಕಿ ತೋರಿಸಿದರು: ವೈಸರಾಯಿಯ ಸಂಬಳ ತಿಂಗಳಿಗೆ 21,000 ರೂಪಾಯಿ, ದಿನಕ್ಕೆ 700 ರೂಪಾಯಿಗೂ ಹೆಚ್ಚು, ಸಾಮಾನ್ಯ ಭಾರತೀಯನ ಗಳಿಕೆ ದಿನಕ್ಕೆ ಎರಡಾಣೆಯೂ ಇಲ್ಲ. ಮರುವರ್ಷ ಫೆಬ್ರವರಿ 13ರಂದು ಹೊಸದಿಲ್ಲಿಯ ಪ್ರಾರಂಭೋತ್ಸವ ನಡೆಯಿತು. ಅದಾದ ನಾಲ್ಕೇ ದಿನಕ್ಕೆ, ಸೆರೆಮನೆಯಿಂದ ಬಿಡುಗಡೆಯಾಗಿ ಬಂದ ಆ ಪತ್ರದ ಲೇಖಕರು ಅದೇ ಮೆಟ್ಟಿಲುಗಳನ್ನು ಏರಿ ಇರ್ವಿನ್ನನೊಡನೆ ಮಾತುಕತೆಗೆ ಕುಳಿತರು. ಅವರು ಆಗ ಇಳಿದುಕೊಂಡಿದ್ದುದು ದರಿಯಾಗಂಜಿನ ಡಾಕ್ಟರ್ ಅನ್ಸಾರಿಯವರ ಮನೆಯಲ್ಲಿ.

ಆದ್ದರಿಂದ 1947ರ ಜುಲೈಯಲ್ಲಿ ಗಾಂಧೀಜಿ ಮೌಂಟ್‌ಬ್ಯಾಟನ್ನನಿಗೆ ಕೊಟ್ಟ ಸಲಹೆ ಆ ಕ್ಷಣದಲ್ಲಿ ಹೊಳೆದದ್ದೇನೂ ಅಲ್ಲ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಸಾಧಾರಣ ಮನೆಯೊಂದರಲ್ಲಿರಲಿ, ಈ ಅರಮನೆ ಆಸ್ಪತ್ರೆಯಾಗಲಿ ಎಂಬುದು ಅವರ ಸಲಹೆ. ಮೌಂಟ್‌ಬ್ಯಾಟನ್ ಬೇಡವೆನ್ನಲಿಲ್ಲ, ಆದರೆ ಆಗಲೂ ಇಲ್ಲ. ಪಂಜಾಬು ಹೊತ್ತಿ ಉರಿಯುತ್ತಿತ್ತು. ಸೆಪ್ಟೆಂಬರಿನಲ್ಲಿ ದಿಲ್ಲಿಗೂ ಬೆಂಕಿ ತಗಲಿದಾಗ ಮಂತ್ರಿಮಂಡಲದ ತುರ್ತು ಸಮಿತಿ ಕೂಡುತ್ತಿದ್ದುದು ಆ ಮನೆಯಲ್ಲೇ. ನಿರಾಶ್ರಿತರ ಕಾಫಿಲಾಗಳು ಎಲ್ಲಿಗೆ ಬಂದವು ಎಂದು ಗುರುತು ಹಾಕುವ ನಕಾಶೆಗಳು ಆ ಗೋಡೆಗಳ ಮೇಲೇರಿದವು. ದೊಡ್ಡ ಮನೆಯಿಂದ ಅಂದು ಪ್ರಯೋಜನವಾಯಿತೆಂಬುದನ್ನು ಒಪ್ಪಲೇಬೇಕು. ಆದರೆ ಒಂದು ಮನೆಯಲ್ಲಿ ಇದ್ದುಕೊಂಡೇ ಅದನ್ನು ಬಿಡುವ ಮಾತಾಡಿದರೆ ಬಿಡದಿರಲು ಪ್ರತಿದಿನವೂ ಒಂದು ಒಳ್ಳೆಯ ಕಾರಣ ಸಿಕ್ಕಿಯೇ ಸಿಗುತ್ತದೆ.

1948ರ ಜೂನ್ 21ರಂದು ಚಕ್ರವರ್ತಿ ರಾಜಗೋಪಾಲಾಚಾರ್ಯರು ಗವರ್ನರ್ ಜನರಲ್ ಆದರು. ನಮ್ಮ ದಕ್ಷಿಣದವರು, ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಹೆಂಡತಿ ತೀರಿಕೊಂಡು ಮೂವತ್ತಕ್ಕೂ ಹೆಚ್ಚು ವರ್ಷಗಳಾಗಿದ್ದವು. ಅಂಥವರಿಗೆ 340 ಕೋಣೆ! ಅವರು ಮನೆಯನ್ನು ತಿರಸ್ಕರಿಸಿ ಹೊರಗೆ ನಿಲ್ಲಲಿಲ್ಲ. ವೈಸರಾಯಿಗಳು ಮಲಗುತ್ತಿದ್ದ ಮಹಾಕೊಠಡಿಗಳನ್ನು ಬಿಟ್ಟು, ಇನ್ನೊಂದು ಪಾರ್ಶ್ವದ ಚಿಕ್ಕ ಕೋಣೆಗಳಲ್ಲಿ ಹಾಸಿಗೆ ಹಾಕಿಸಿಕೊಂಡರು. ದೇಶದಲ್ಲಿ ಆಹಾರದ ಅಭಾವವಿದ್ದ ದಿನಗಳವು. ಆವರಣದ ನೆಲದ ಒಂದು ಭಾಗವನ್ನು ಉಳಿಸಿ ಗೋಧಿ ಬಿತ್ತಿಸಿದರು. ಹಕ್ಕಿ ಓಡಿಸುವ ಹುಡುಗರಿಗೆ ಆಗಲಾದರೂ ಅರ್ಥವಿರುವ ಕೆಲಸ ಸಿಕ್ಕಿರಬೇಕು.

ರಾಜಾಜಿಯವರ ಈ ಉಪಾಯವನ್ನು ನಾವು ಬಹಳ ಮೆಚ್ಚುತ್ತೇವೆ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಬಡತನಕ್ಕೆ ಹೇಳಿದ್ದು. ಹಾಸಿಗೆಯೇ ಊರಗಲವಾಗಿದ್ದರೆ ಏನು ಮಾಡಬೇಕೆಂದು ಗಾದೆ ಹೇಳುವುದಿಲ್ಲ. ಕಾಲು ಇದ್ದಷ್ಟೇ ಚಾಚಬೇಕು, ಮಿಕ್ಕ ಹಾಸಿಗೆಯನ್ನು ಇನ್ನೊಬ್ಬರಿಗೆ ಬಿಡಬೇಕು ಎಂದು ಅವರು ನಡೆದು ತೋರಿಸಿದರು. ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಿದ್ದ ಭಾರತೀಯ ಶಿಲ್ಪ, ಚಿತ್ರಗಳು ಹಿಂದಿರುಗಿ ಬಂದಾಗ ಇಡಲು ಸ್ಥಳ ಬೇಕಾಗಿತ್ತು. 1949ರ ಆಗಸ್ಟ್ 15ರಂದು ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ರಾಜಾಜಿ ಉದ್ಘಾಟಿಸಿದ್ದು ಈ ಮನೆಯ ಸಭಾಂಗಣಗಳಲ್ಲೇ. 1960ರಲ್ಲಿ ಜನಪಥದ ಈಗಿನ ಕಟ್ಟಡ ಸಿದ್ಧವಾಗುವವರೆಗೆ ಬುದ್ಧ, ವಿಷ್ಣು, ಯಕ್ಷಿಯರು ರಾಷ್ಟ್ರಪತಿಗಳ ಜೊತೆವಾಸಿಗಳಾಗಿದ್ದರು. 1950ರ ಜನವರಿ 26ರಂದು ಬಾಬು ರಾಜೇಂದ್ರಪ್ರಸಾದರು ಬಂದು ಮನೆಗೆ ರಾಷ್ಟ್ರಪತಿ ಭವನವೆಂಬ ಹೆಸರಾಯಿತು. ಅವರೂ ರಾಜಾಜಿಯವರ ಚಿಕ್ಕ ಪಾರ್ಶ್ವದಲ್ಲೇ ಉಳಿದರು. ಆ ಮೇಲ್ಪಂಕ್ತಿಯನ್ನು ನಂತರದವರೂ ಮುರಿಯಲಿಲ್ಲ.

ಇನ್ನು ಪ್ರಧಾನಿಯ ಮನೆ. ನೆಹರೂ ಅವರು 1946ರಿಂದ ಯಾರ್ಕ್ ರಸ್ತೆಯ 17ನೆಯ ನಂಬರಿನ ಬಂಗಲೆಯಲ್ಲಿದ್ದರು. ಈಗ ಅದು ಮೋತಿಲಾಲ್ ನೆಹರೂ ಮಾರ್ಗ. 1948ರ ಜನವರಿ 30ರ ದುರ್ದಿನದ ಬಳಿಕ ಅವರ ರಕ್ಷಣೆಯ ಚಿಂತೆ ಎಲ್ಲರನ್ನೂ ಕಾಡಿತು. ಅದೇ ವರ್ಷದ ಆಗಸ್ಟಿನಲ್ಲಿ ಅವರು ಫ್ಲ್ಯಾಗ್‌ಸ್ಟಾಫ್ ಹೌಸಿಗೆ ಹೋದರು. ಇದು ರಾಬರ್ಟ್ ಟಾರ್ ರಸೆಲ್ ಎಂಬಾತ ಬ್ರಿಟಿಷ್ ಮಹಾದಂಡನಾಯಕನಿಗಾಗಿ ಕಟ್ಟಿ 1930ರಲ್ಲಿ ಮುಗಿಸಿದ್ದ ಭವನ. ಎದುರಿಗಿರುವ ಮೂವರು ಯೋಧರ ಪ್ರತಿಮೆಗಳಿಂದ ತೀನ್ ಮೂರ್ತಿ ಎಂದು ಹೆಸರಾದದ್ದು. ನೆಹರೂ ಅವರೂ ವಿಧುರರೇ. ಮಗಳು, ಮೊಮ್ಮಕ್ಕಳು, ತಪ್ಪದೆ ಬರುವ ಅತಿಥಿಗಳು ಇದ್ದರೂ ಆ ಮನೆ ತುಂಬಲಿಲ್ಲ. ಅವರು 1964ರ ಮೇ 27ರಂದು ಅಲ್ಲೇ ಕೊನೆಯುಸಿರೆಳೆದರು.

ಇಲ್ಲೊಂದು ಸಂಗತಿಯನ್ನು ಕನ್ನಡಿಗರಾದ ನಾವು ಗಮನಿಸಬೇಕು. ನೆಹರೂ ತೀನ್ ಮೂರ್ತಿಗೆ ಹೋದ ಐದು ತಿಂಗಳಿಗೆ, 1949ರ ಜನವರಿ 15ರಂದು, ಭಾರತದ ಸೇನೆಗೆ ಮೊದಲ ಭಾರತೀಯ ದಂಡನಾಯಕರಾಗಿ ಬಂದವರು ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಕೊಡಂದೇರ ಕಾರ್ಯಪ್ಪನವರು. ದಂಡನಾಯಕನ ಹುದ್ದೆಗೆಂದೇ ಕಟ್ಟಿದ ಮನೆ, ಆ ಹುದ್ದೆ ನಮ್ಮವರ ಕೈಗೆ ಬರುವಷ್ಟರಲ್ಲಿ ಪ್ರಧಾನಿಯ ಮನೆಯಾಗಿತ್ತು. ಇದನ್ನು ಕೊರತೆ ಎನ್ನಬಾರದು. ಸೇನಾಪತಿ ಊರಿನ ಎರಡನೆಯ ಅತಿ ದೊಡ್ಡ ಮನೆಯಲ್ಲಿರುವುದು ಸಾಮ್ರಾಜ್ಯಕ್ಕೆ ಸರಿ. ಪ್ರಜಾಪ್ರಭುತ್ವದಲ್ಲಿ ಆ ಮನೆ ಜನರಾರಿಸಿದ ಪ್ರಧಾನಿಗೆ ಸೇರಿದ್ದಕ್ಕೆ ಒಂದು ಅರ್ಥವಿದೆ. ಸುತ್ತಣ ದೇಶಗಳಲ್ಲಿ ಸೇನಾಪತಿಗಳು ಯಾವ ಯಾವ ಮನೆ ಹೊಕ್ಕರೆಂಬುದನ್ನು ನೆನೆದರೆ ಆ ಅರ್ಥ ಇನ್ನೂ ತಿಳಿಯಾಗುತ್ತದೆ. ಕಾರ್ಯಪ್ಪನವರು ನಿವೃತ್ತರಾದ ಮೇಲೆ ಮಡಿಕೇರಿಯ ತಮ್ಮ 'ರೋಶನಾರ'ದಲ್ಲಿ ನೆಲೆಸಿದರು.

ನೆಹರೂ ನಂತರ ಪ್ರಧಾನಿಯಾದ ಲಾಲ್‌ಬಹಾದೂರ ಶಾಸ್ತ್ರಿಯವರು ತೀನ್ ಮೂರ್ತಿಗೆ ಹೋಗಲಿಲ್ಲ. ಜನಪಥದ 10ನೆಯ ನಂಬರಿನ ಬಂಗಲೆಯಲ್ಲಿದ್ದರು. ಅವರಿಗೆ ದೊಡ್ಡ ಸಂಸಾರ, ಆರು ಮಕ್ಕಳು. ಇಡೀ ಸಾಲಿನಲ್ಲಿ ದೊಡ್ಡ ಮನೆಯ ನಿಜವಾದ ಅಗತ್ಯ ಯಾರಿಗಾದರೂ ಇದ್ದರೆ ಅದು ಇವರಿಗೇ! ಸ್ವಂತ ಮನೆಯಿಲ್ಲದ ಗೃಹಮಂತ್ರಿ ಎಂದು ಜನ ತಮಾಷೆ ಮಾಡುತ್ತಿದ್ದರು. ಪ್ರಧಾನಿಯಾದ ಮೇಲೆ ಫಿಯಟ್ ಕಾರು ಕೊಳ್ಳಲು ಬ್ಯಾಂಕಿನಿಂದ 5,000 ರೂಪಾಯಿ ಸಾಲ ತೆಗೆದವರು. ಆದರೂ ತೀನ್ ಮೂರ್ತಿಯನ್ನು ಬಿಟ್ಟುಕೊಟ್ಟದ್ದಕ್ಕೆ ಅವರ ಸರಳತೆಯೊಂದೇ ಕಾರಣವೆಂದು ಬರೆಯುವುದು ಭಕ್ತಿಯ ಮಾತಾಯಿತು. ಆ ಮನೆ ನೆಹರೂ ಅವರ ಸ್ಮಾರಕವಾಗಬೇಕೆಂಬ ಒತ್ತಾಯವೂ ಬಲವಾಗಿತ್ತು. 1964ರ ನವೆಂಬರ್ 14ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅಲ್ಲಿ ವಸ್ತುಸಂಗ್ರಹಾಲಯವನ್ನು ತೆರೆದರು. ಈಗ ಅದು ಎಲ್ಲ ಪ್ರಧಾನಿಗಳ ಸಂಗ್ರಹಾಲಯ. ಹೊಸ ಕಟ್ಟಡ ಸೇರಿ 2022ರ ಏಪ್ರಿಲಿನಲ್ಲಿ ಉದ್ಘಾಟನೆಯಾಯಿತು. ಆ ವರ್ಷಗಳಲ್ಲಿ ರಾಧಾಕೃಷ್ಣನ್ ತಮ್ಮ ಪಾಲಿನ ಇನ್ನೊಂದು ದೊಡ್ಡ ಮನೆಯನ್ನೂ ಬಿಟ್ಟುಕೊಟ್ಟರು. ಸಿಮ್ಲಾದಲ್ಲಿ 1888ರಲ್ಲಿ ಡಫರಿನ್ ಹೊಕ್ಕಿದ್ದ ವೈಸರಾಯಿ ಭವನ 1965ರಲ್ಲಿ ವಿದ್ವಾಂಸರ ಉನ್ನತ ಅಧ್ಯಯನ ಸಂಸ್ಥೆಯಾಯಿತು. ಮೈಸೂರಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರಿಗೆ ಹೊಳೆಯಬೇಕಾದ ವಿಚಾರವೇ ಸರಿ.

ಹೀಗೆ ದೊಡ್ಡ ಮನೆಯನ್ನು ಬಿಟ್ಟದ್ದರಿಂದ ಪ್ರಧಾನಿಗಳ ಮನೆ ಚಿಕ್ಕದಾಗಿಯೇ ಉಳಿಯಿತೆ? ಇಂದಿರಾ ಗಾಂಧಿಯವರು ಸಫ್ದರ್‌ಜಂಗ್ ರಸ್ತೆಯ 1ನೆಯ ನಂಬರಿನಲ್ಲಿದ್ದರು. ರಾಜೀವ ಗಾಂಧಿಯವರ ಕಾಲದಿಂದ ಪ್ರಧಾನಿಯ ವಾಸ ರೇಸ್‌ಕೋರ್ಸ್ ರಸ್ತೆಗೆ ಬಂತು. 2016ರಲ್ಲಿ ಅದರ ಹೆಸರು ಲೋಕಕಲ್ಯಾಣ ಮಾರ್ಗವಾಯಿತು. ವಾಸಕ್ಕೊಂದು, ಕಚೇರಿಗೊಂದು, ಅತಿಥಿಗಳಿಗೊಂದು, ಕಾವಲಿನವರಿಗೊಂದು ಎಂದು ಅಲ್ಲಿ ಐದು ಬಂಗಲೆಗಳು ಒಂದೇ ಬೇಲಿಯೊಳಗೆ ಸೇರಿಕೊಂಡವು. ಎದುರಿನ ಬಾಗಿಲಿನಿಂದ ಹೋಗೆಂದ ದೊಡ್ಡ ಮನೆ ಹಿತ್ತಿಲಿನಿಂದ ಬಂತು.

1977ರಲ್ಲಿ ಇನ್ನೊಂದು ಪ್ರಯತ್ನವಾಯಿತು. ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದರು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ನಮ್ಮ ಜಮಖಂಡಿ ಕಡೆಯ ಬಸಪ್ಪ ದಾನಪ್ಪ ಜತ್ತಿಯವರು ಐದು ತಿಂಗಳು ಹಂಗಾಮಿ ರಾಷ್ಟ್ರಪತಿಗಳಾಗಿದ್ದರು. ಜುಲೈ 25ರಂದು ಅಧಿಕಾರ ವಹಿಸಿಕೊಂಡ ನೀಲಂ ಸಂಜೀವ ರೆಡ್ಡಿಯವರು ಸಂಬಳದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಬಿಡುವುದಾಗಿಯೂ, ರಾಷ್ಟ್ರಪತಿ ಭವನ ಬಿಟ್ಟು ಚಿಕ್ಕ ಮನೆಗೆ ಹೋಗುವುದಾಗಿಯೂ ಸಾರಿದರು. ಸಂಬಳ ಬಿಡುವುದು ಒಬ್ಬರ ಸಹಿಯಿಂದ ಆಗುವ ಕೆಲಸ. ಮನೆ ಬಿಡುವುದು ಹಾಗಲ್ಲ. ಅಷ್ಟು ಹೊತ್ತಿಗೆ ಆ ಆವರಣದಲ್ಲಿ ಸಿಬ್ಬಂದಿಯ ಒಂದು ಊರೇ ಬೆಳೆದಿತ್ತು. ವಿದೇಶದ ದೊರೆಗಳನ್ನು ಎಲ್ಲಿ ಇಳಿಸುವುದು, ಪ್ರಮಾಣವಚನ ಎಲ್ಲಿ, ಚಿಕ್ಕ ಮನೆಯ ಸುತ್ತ ಕಾವಲು ಹಾಕಲು ಅಕ್ಕಪಕ್ಕದ ಎಷ್ಟು ಮನೆಗಳನ್ನು ತೆರವು ಮಾಡಿಸುವುದು? ರೆಡ್ಡಿಯವರು 1982ರಲ್ಲಿ ಅವಧಿ ಮುಗಿಯುವವರೆಗೆ ಗುಡ್ಡದ ಮೇಲೆಯೇ ಇದ್ದರು.

ಅವರ ನಂತರದ ದಿನಗಳಲ್ಲಿ ಮನೆ ಬಿಡುವ ಮಾತು ಹಿಂದಾಗಿ, ಮನೆಯೊಳಗೆ ಯಾವುದು ತಮ್ಮದು, ಯಾವುದು ದೇಶದ್ದು ಎಂಬ ಲೆಕ್ಕ ಮುಂದಾಯಿತು. 2006ರಲ್ಲಿ ಅಬ್ದುಲ್ ಕಲಾಮರ ಬಂಧುಗಳು ಐವತ್ತಕ್ಕೂ ಹೆಚ್ಚು ಮಂದಿ ರಾಮೇಶ್ವರದಿಂದ ಬಂದು ಕೆಲವು ದಿನ ಉಳಿದರು. 340 ಕೋಣೆಯ ಮನೆಗೆ ಐವತ್ತು ಜನ ನೆಂಟರು ಯಾವ ಲೆಕ್ಕ? ಕಲಾಮರು ಮಾತ್ರ ಕೋಣೆಗಳ ಬಾಡಿಗೆ, ಊಟತಿಂಡಿ ಎಲ್ಲ ಸೇರಿಸಿ ಬಿಲ್ಲು ತರಿಸಿ, ಮೂರೂವರೆ ಲಕ್ಷ ರೂಪಾಯಿಯಷ್ಟನ್ನು ತಮ್ಮ ಕೈಯಿಂದ ಕಟ್ಟಿದರು. ನೆಂಟರಿಷ್ಟರ ವಿಷಯದಲ್ಲಿ ನಾವು ದಕ್ಷಿಣದವರು ಧಾರಾಳಿಗಳು, ಖರ್ಚಿನ ವಿಷಯದಲ್ಲಿ ಲೆಕ್ಕಿಗರು. ಎರಡನ್ನೂ ಕೂಡಿಸುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ.

ಗಾಂಧೀಜಿ ಬಯಸಿದ ಆಸ್ಪತ್ರೆ ಅಲ್ಲಿ ಬರಲಿಲ್ಲ. ಈಗ ತೋಟಕ್ಕೆ ಅಮೃತ ಉದ್ಯಾನವೆಂದು ಹೆಸರು. ದರಬಾರ್ ಹಾಲ್ 2024ರಿಂದ ಗಣತಂತ್ರ ಮಂಟಪ. ಹೂ ಬಿಡುವ ಕಾಲದಲ್ಲಿ ತೋಟವನ್ನು ಜನರಿಗೆ ತೆರೆಯುತ್ತಾರೆ, ಮುಂಚಿತವಾಗಿ ಹೆಸರು ಬರೆಸಿದರೆ ಭವನದ ಕೆಲವು ಸಭಾಂಗಣಗಳನ್ನೂ ತೋರಿಸುತ್ತಾರೆ. ರಾಜಾಜಿ ಮಲಗಲೊಪ್ಪದ ವೈಸರಾಯಿಯ ಕೊಠಡಿಗಳಿಗೆ ದ್ವಾರಕಾ, ನಾಲಂದಾ ಎಂದು ಹೆಸರಿಟ್ಟು ಹೊರದೇಶಗಳ ಅತಿಥಿಗಳಿಗಾಗಿ ಮೀಸಲಿಟ್ಟಿದ್ದಾರೆ.