ಕೆನರಾದಿಂದ ಕ್ಯಾಂಡಿಗೆ: ಕಡಲಾಚೆಯ ಕಲಿಕೆಯ ಚರಿತ್ರೆಯಿಂದ ಒಂದು ಪಾಠ

ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಕಳೆದ ಮಳೆಗಾಲದ ಒಂದು ಸಂಜೆ, ಕಥೋಲಿಕ ಕುಟುಂಬವೊಂದರ ಮನೆಯಲ್ಲಿ ಪ್ರಾರ್ಥನೆ ಮುಗಿಸಿ ಕುಳಿತಿದ್ದೆವು. ಆ ಮನೆಯ ಮಗ ದೂರದ ನಗರದ ಕಥೋಲಿಕ ಶಾಲೆಯೊಂದರ ವಸತಿನಿಲಯದಲ್ಲಿ ಓದುತ್ತಿದ್ದಾನೆ. ಆ ಶಾಲೆಯು ತನ್ನ ಕೆಲವು ವಿದ್ಯಾರ್ಥಿಗಳನ್ನು ಮೂರು ವಾರಗಳ ಮಟ್ಟಿಗೆ ವಿದೇಶದ ಒಂದು ಶಾಲೆಗೆ ಕಳುಹಿಸಲಿತ್ತು. ಮರುವರ್ಷ ಅಲ್ಲಿಯ ಮಕ್ಕಳು ಇಲ್ಲಿಗೆ ಬರುವರು. ಖರ್ಚಿನ ವ್ಯವಸ್ಥೆ ಆಗಿತ್ತು. ತಾಯಿಯ ಆತಂಕ ಹಣದ್ದಾಗಿರಲಿಲ್ಲ. "ಹೋದ ಹುಡುಗ ನಮ್ಮವನಾಗೇ ತಿರುಗಿ ಬರ್ತಾನೇನ್ರೀ ಫಾದರ್?" ಎಂದು ಅವರು ಕೇಳಿದರು. ಸಮಾಧಾನದ ಎರಡು ಮಾತು ಹೇಳಿದೆವು. ಅದು ಅವರಿಗೂ ಸಾಲಲಿಲ್ಲ, ನಮಗೂ ಸಾಲಲಿಲ್ಲ.

ಈ ಪ್ರಶ್ನೆ ಆ ತಾಯಿಯೊಬ್ಬರದಲ್ಲ. ಕಲಿಯಲೆಂದು ಮಕ್ಕಳನ್ನು ಕಡಲಾಚೆಗೆ ಕಳುಹಿಸಿದಾಗಲೆಲ್ಲ ಧರ್ಮಸಭೆಯೂ ಇದನ್ನೇ ಎದುರಿಸಿದೆ. ಕನ್ನಡ ಕರಾವಳಿಯೊಡನೆ ನಂಟುಳ್ಳ ಮೂರು ಪ್ರಯಾಣಗಳನ್ನೂ, ಹಾನಗಲ್ಲಿನ ನೆಲದಲ್ಲೇ ಹುಟ್ಟಿದ ಒಂದು ಉತ್ತರವನ್ನೂ ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

1. ಕೊಡಲು ಹೋಗಿ ಕಲಿತವರು

ಗೋವಾದ ಬೆಣಾವಲಿಯಲ್ಲಿ 1651ರಲ್ಲಿ ಜನಿಸಿದ ಸಂತ ಜೋಸೆಫ್ ವಾಜರು 1681ರಿಂದ 1684ರವರೆಗೆ ಕೆನರಾ ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಪೋರ್ಚುಗೀಸ್ ಅರಸರ ಪದ್ರುವಾದೊ ಹಕ್ಕಿಗೂ ರೋಮಿನ ಪ್ರೊಪಗಾಂಡ ಸಂಸ್ಥೆಗೂ ಅಂದು ಕಲಹವಿತ್ತು. ರೋಮಿನಲ್ಲಿ ಕಲಿತು ಬಂದಿದ್ದ, ಗೋವಾದವರೇ ಆದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಮಂಗಳೂರಿನಲ್ಲಿ ನೆಲೆಸಿದ್ದರು. ವಿಶ್ವಾಸಿಗಳು ಯಾರ ಮಾತು ಕೇಳಬೇಕೆಂದು ತಿಳಿಯದೆ ಇಬ್ಭಾಗವಾಗಿದ್ದರು. ಆ ಒಡಕಿನ ನಡುವೆ ಸಂಸ್ಕಾರಗಳನ್ನು ನೀಡುತ್ತ, ಶಾಂತಿ ಕಾಯುತ್ತ ವಾಜರು ಮೂರು ವರ್ಷ ದುಡಿದರು. ಮುಂದಿನ ಜೀವನಕ್ಕೆ ಕೆನರಾ ಅವರಿಗೆ ಪಾಠಶಾಲೆಯಾಯಿತು.

1687ರಲ್ಲಿ ಅವರು ಸಿಲೋನಿಗೆ ಹೊರಟರು. ಅಲ್ಲಿನ ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶ ನಿಷಿದ್ಧ. ಆದುದರಿಂದ ಬಡ ಕೂಲಿಯಾಳಿನ ವೇಷದಲ್ಲಿ, ಭಿಕ್ಷೆ ಬೇಡುತ್ತ ಊರೂರು ತಿರುಗಿದರು. 1692ರಲ್ಲಿ ಕ್ಯಾಂಡಿ ರಾಜ್ಯ ಮುಟ್ಟಿದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದ ಮೇಲೆ ಸೆರೆಯಾದರು. ಮುಂದೆ ಸಿಡುಬಿನ ಪಿಡುಗು ಬಂದಾಗ, ಮನೆಯವರೇ ಬಿಟ್ಟುಹೋದ ರೋಗಿಗಳನ್ನು ಉಪಚರಿಸಿ ಬೌದ್ಧ ರಾಜನ ಮನ್ನಣೆ ಪಡೆದರು. ತಮಿಳು ಕಲಿತರು, ಸಿಂಹಳ ಕಲಿತರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ನಿಧನರಾದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊ ನಗರದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಅಧಿಕಾರಪತ್ರವಿಲ್ಲದೆ, ಹಣದ ಚೀಲವಿಲ್ಲದೆ ಹೋದವನಿಗೆ ಆತಿಥೇಯರ ಅನ್ನವನ್ನೂ ಭಾಷೆಯನ್ನೂ ಸ್ವೀಕರಿಸದೆ ಗತ್ಯಂತರವಿರಲಿಲ್ಲ. ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ಎಪ್ಪತ್ತೆರಡು ಮಂದಿಯನ್ನು ಕಳುಹಿಸುವಾಗ ಚೀಲ ಬೇಡವೆಂದು, ಬಡಿಸಿದ್ದನ್ನು ಉಣ್ಣಿರೆಂದು ಆಜ್ಞಾಪಿಸಿದ್ದರ ಅರ್ಥವೂ ಇದೇ. ಕಳುಹಿಸಲ್ಪಟ್ಟವನು ಮೊದಲು ಪಡೆಯುವವನಾಗಬೇಕು.

2. ಕಲಿಯಲು ಹೋಗಿ ಸಮಾನನಾದವರು

ಎರಡನೆಯ ಪ್ರಯಾಣ ನಮ್ಮ ಪ್ರೊಟೆಸ್ಟೆಂಟ್ ಸಹೋದರರದು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ಬಾಸೆಲ್ ಮಿಷನ್ನಿನಲ್ಲಿ ದೀಕ್ಷಾಸ್ನಾನ ಪಡೆದು, 1846ರಲ್ಲಿ ಹೆರ್ಮನ್ ಮೋಗ್ಲಿಂಗರೊಡನೆ ಯೂರೋಪಿಗೆ ಹೋದರು. ಸಮುದ್ರ ದಾಟಿದವನಿಗೆ ಜಾತಿಭ್ರಷ್ಟನೆಂಬ ಹೆಸರು ತಪ್ಪದ ಕಾಲವದು. ಬಾಸೆಲಿನ ಗುರುಮಠದಲ್ಲಿ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದ ಅವರು ಮಂಗಳೂರಿನಲ್ಲಿ ಉಪದೇಶಿಗಳಿಗೆ ಪಾಠ ಹೇಳಿದರು; ಕೊಡಗಿನ ಆನಂದಪುರದಲ್ಲಿ ಹೊಸ ವಿಶ್ವಾಸಿಗಳಿಗೆ ನೆಲೆ ಕಟ್ಟಿಕೊಟ್ಟರು. ಯೂರೋಪಿನ ಮಿಷನರಿಗಳ ಕೈಕೆಳಗಿನ ಸಹಾಯಕರಾಗಿ ಅವರು ಮರಳಲಿಲ್ಲ. ಅವರ ಸಾಲಿನಲ್ಲೇ ನಿಲ್ಲುವ ಮಿಷನರಿಯಾಗಿ ಮರಳಿದರು. ಪ್ರಯಾಣ ಅವರಿಗೆ ಸಮಾನತೆಯನ್ನು ಕೊಟ್ಟಿತು. ಬದಲಿಗೆ ಹುಟ್ಟಿದ ಮನೆಯ ಬಾಗಿಲನ್ನು ಕಳೆದುಕೊಂಡರು. ಲಾಭವನ್ನು ಮಾತ್ರ ಲೆಕ್ಕ ಹಾಕುವ ಚರಿತ್ರೆ ಅರ್ಧ ಚರಿತ್ರೆ.

3. ಕ್ಯಾಂಡಿಯ ಪೋಪರ ಗುರುಮಠ

ಮೂರನೆಯದು ಒಬ್ಬಿಬ್ಬರ ಪ್ರಯಾಣವಲ್ಲ, ತಲೆಮಾರುಗಳ ಪ್ರಯಾಣ. ಪೋಪ್ ಹದಿಮೂರನೆಯ ಲಿಯೋ 1886ರಲ್ಲಿ ಭಾರತ ಮತ್ತು ಸಿಲೋನಿನಲ್ಲಿ ಧರ್ಮಾಧ್ಯಕ್ಷರ ಶ್ರೇಣಿಯನ್ನು ಸ್ಥಾಪಿಸಿದರು. ಆದರೆ ಪೀಠಗಳಲ್ಲಿ ಕುಳಿತವರು ಬಹುಮಟ್ಟಿಗೆ ಯೂರೋಪಿಯನ್ನರು. ದೇಶೀಯ ಗುರುಗಳು ಸುಶಿಕ್ಷಿತರಾಗದೆ ಈ ಶ್ರೇಣಿಗೆ ಬೇರಿಲ್ಲವೆಂದು ಅರಿತ ಅವರು 1893ರ ಜೂನ್ 24ರಂದು 'ಅದ್ ಎಕ್ಸ್‌ತ್ರೇಮಾಸ್' ಎಂಬ ಪತ್ರವನ್ನು ಹೊರಡಿಸಿದರು. ಅದೇ ವರ್ಷ ಕ್ಯಾಂಡಿಯಲ್ಲಿ ಗುರುಮಠ ಆರಂಭವಾಯಿತು. ಪೋಪರ ಪ್ರತಿನಿಧಿ ಲಾದಿಸ್ಲಾವ್ ಝಲೆಸ್ಕಿಯವರು ಅದರ ಬೆನ್ನೆಲುಬಾಗಿದ್ದರು; ನಡೆಸುವ ಹೊಣೆ ಬೆಲ್ಜಿಯಮ್ಮಿನ ಯೇಸುಸಭೆಯ ಗುರುಗಳದು. ಭಾರತದ ರಕ್ಷಣೆಯ ಸೇವಕರು ಅದರ ಮಕ್ಕಳೇ ಎಂಬ ಭಾವದ ಲತೀನ್ ವಾಕ್ಯ ಅದರ ಧ್ಯೇಯವಾಯಿತು.

ಇಲ್ಲೊಂದು ವ್ಯಂಗ್ಯವಿದೆ. ಭಾರತದ ಮಕ್ಕಳು ಭಾರತಕ್ಕಾಗಿ ಸಿದ್ಧರಾಗಬೇಕು. ಸಿದ್ಧತೆ ನಡೆಯುವುದು ಕಡಲಾಚೆ, ಲತೀನಿನಲ್ಲಿ, ಬೆಲ್ಜಿಯಮ್ಮಿನ ಅಧ್ಯಾಪಕರಿಂದ! ಮಂಗಳೂರಿಗೆ ರೈಲು ಬಂದುದೇ 1907ರಲ್ಲಿ. ತೂತುಕುಡಿಯಿಂದ ಕೊಲಂಬೊಗೆ ಹಡಗು; 1914ರ ನಂತರ ಧನುಷ್ಕೋಟಿಯಿಂದ ತಲೈಮನ್ನಾರಿಗೆ. ಅಲ್ಲಿಂದ ಮುಂದೆ ರೈಲು ಬೆಟ್ಟ ಹತ್ತಬೇಕು. ಹೊರಟ ಹುಡುಗ ಊರಿಗೆ ಮರಳುವಷ್ಟರಲ್ಲಿ ಯುವಕನಾಗಿರುತ್ತಿದ್ದ.

ಆದರೂ ಕ್ಯಾಂಡಿ ಕೊಟ್ಟುದನ್ನು ಕಡೆಗಣಿಸಲಾಗದು. ಸ್ವದೇಶದಲ್ಲಿ ಪದ್ರುವಾದೊ, ಪ್ರೊಪಗಾಂಡ, ಜಾತಿ, ಭಾಷೆ, ವಿಧಿಗಳ ಗೋಡೆಗಳ ಹಿಂದೆ ಬೆಳೆದ ಕೊಂಕಣಿ, ತಮಿಳು, ಮಲಯಾಳಂ, ಸಿಂಹಳ ಮಾತಿನ ಯುವಕರು ಅಲ್ಲಿ ಒಂದೇ ಪಂಕ್ತಿಯಲ್ಲಿ ಉಂಡರು, ಒಂದೇ ಬಲಿಪೀಠದ ಸುತ್ತ ನಿಂತರು. ಭಾರತದ ಧರ್ಮಸಭೆ ತನ್ನ ಮುಖವನ್ನು ತಾನು ಕಂಡುಕೊಂಡುದು ಪರದೇಶದ ಕನ್ನಡಿಯಲ್ಲಿ. ಮಂಗಳೂರಿನ ಸಂತ ಜೋಸೆಫರ ಗುರುಮಠದಲ್ಲಿ ಓದಿ, ಕ್ಯಾಂಡಿಗೆ ಹೋಗಿ, 1926ರಲ್ಲಿ ಗುರುದೀಕ್ಷೆ ಪಡೆದ ವಲೇರಿಯನ್ ಗ್ರೇಷಿಯಸ್ 1953ರಲ್ಲಿ ಭಾರತದ ಮೊದಲ ಕಾರ್ಡಿನಲ್ ಆದರು. ಒಂದು ಕಾಲಕ್ಕೆ ಕೆನರಾದಿಂದ ಸಂತನೊಬ್ಬನನ್ನು ಪಡೆದ ಕ್ಯಾಂಡಿ, ಎರಡು ಶತಮಾನಗಳ ಬಳಿಕ ಆ ಸಾಲವನ್ನು ತೀರಿಸಿತೆನ್ನಬಹುದು.

4. ಹಾನಗಲ್ಲಿನ ಉತ್ತರ

ಇದೇ ಕಾಲದಲ್ಲಿ, ಅಕ್ಕಿಆಲೂರಿನ ನೆರೆಯ ಹಾನಗಲ್ಲಿನಲ್ಲಿ ಮತ್ತೊಬ್ಬರು ಇದೇ ಸಮಸ್ಯೆಯನ್ನು ಚಿಂತಿಸುತ್ತಿದ್ದರು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಶಿವಯೋಗಿಗಳಿಗೆ (1867–1930) ಮಠಗಳಿಗೆ ಯೋಗ್ಯ ಸ್ವಾಮಿಗಳು ಬೇಕೆಂಬ ಕಳವಳವಿತ್ತು. ವಟುಗಳ ಶಿಕ್ಷಣಕ್ಕಾಗಿ ಅವರು 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಹಾನಗಲ್ಲು ತಾಲ್ಲೂಕಿನವರೇ ಆದ ಅಂಧ ಬಾಲಕ ಪಂಚಾಕ್ಷರಿ ಗವಾಯಿಗಳು ಬೆಳೆದುದು ಅವರ ಆಶ್ರಯದಲ್ಲಿ. ಗವಾಯಿಗಳು ಹಿಂದೂಸ್ತಾನಿ ಸಂಗೀತವನ್ನೂ ಕಲಿತು, ಅದನ್ನು ಗದುಗಿನಲ್ಲಿ ಅಂಧರಿಗೂ ಅನಾಥರಿಗೂ ಹಂಚಿದರು.

ಒಂದೇ ಪ್ರಶ್ನೆಗೆ ಕ್ಯಾಂಡಿ ಕಡಲಾಚೆ ಉತ್ತರ ಹುಡುಕಿತು. ಶಿವಯೋಗಮಂದಿರ ತನ್ನ ನೆಲದಲ್ಲೇ ಹುಡುಕಿತು. ಎರಡನ್ನೂ ತೂಗಿ ಒಂದನ್ನು ಮೇಲೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹೊರಗಿನಿಂದ ಬಂದ ರಾಗವೂ ಇಲ್ಲಿನ ಕೊರಳಿನಲ್ಲಿ ನೆಲೆಸಿ ಇಲ್ಲಿಯದೇ ಆಗಬಲ್ಲುದೆಂಬುದಕ್ಕೆ ಗವಾಯಿಗಳ ಬಾಳು ಸಾಕ್ಷಿ. ಎಲ್ಲಿ ಕಲಿತೆವೆಂಬುದರಷ್ಟೇ, ಕಲಿತುದನ್ನು ಯಾರ ನಡುವೆ ಹಂಚಿದೆವೆಂಬುದೂ ಮುಖ್ಯ.

5. ಮರಳುವಿಕೆಯ ಕಷ್ಟ

ಗುರುಮಠವೇ 1955ರಲ್ಲಿ ಕ್ಯಾಂಡಿಯಿಂದ ಪುಣೆಗೆ ಮರಳಿತು. ಸಿಲೋನ್ ಪ್ರತ್ಯೇಕ ರಾಷ್ಟ್ರವಾಗಿತ್ತು. ಭಾರತದ ಧರ್ಮಸಭೆಗೂ ತನ್ನ ನೆಲದಲ್ಲಿ ಕಲಿಸುವ ಶಕ್ತಿ ಬಂದಿತ್ತು. ಹತ್ತು ವರ್ಷಗಳ ಬಳಿಕ, 1965ರಲ್ಲಿ, ದ್ವಿತೀಯ ವ್ಯಾಟಿಕನ್ ಮಹಾಸಭೆಯ 'ಅದ್ ಜೆಂತೆಸ್' ದಾಖಲೆ ಅಭ್ಯರ್ಥಿಗಳ ಶಿಕ್ಷಣ ಅವರ ಜನರ ಬದುಕು, ಚಿಂತನೆಗಳೊಡನೆ ಬೆಸೆದಿರಬೇಕೆಂದು ವಿಧಿಸಿತು. ಅದೇ ದಾಖಲೆಯ 22ನೆಯ ಪರಿಚ್ಛೇದ ಎಳೆಯ ಧರ್ಮಸಭೆಗಳು ಜನಾಂಗಗಳ ಸಂಪತ್ತನ್ನು ತಮ್ಮದಾಗಿಸಿಕೊಳ್ಳುವುದನ್ನು 'ಅದ್ಭುತ ವಿನಿಮಯ' ಎಂದು ಕರೆಯುತ್ತದೆ. ಪಿತೃಗಳು ಈ ಮಾತನ್ನು ಮನುಷ್ಯಾವತಾರಕ್ಕೆ ಬಳಸುತ್ತಿದ್ದರು. ದೇವಪುತ್ರರು ನಮ್ಮದನ್ನು ತೆಗೆದುಕೊಂಡು ತಮ್ಮದನ್ನು ಕೊಟ್ಟರು. ತೆಗೆದುಕೊಂಡುದರ ಬಗ್ಗೆ ನಾಚಲಿಲ್ಲ.

ನಾಚಿಕೆಯ ಮಾತು ಬಂದಾಗ ನಮ್ಮ ಅನುಭವವನ್ನೂ ಮುಚ್ಚಿಡಬಾರದು. ಹೊರದೇಶದಲ್ಲಿ ಲೈಸೆನ್ಷಿಯೇಟ್ ಮುಗಿಸಿ ಬಂದ ಮೊದಲ ವರ್ಷ, ಇದೇ ಸೀಮೆಯ ಹಳ್ಳಿಯೊಂದರಲ್ಲಿ ಬಲಿಪೂಜೆ ಅರ್ಪಿಸಿ ದೀರ್ಘವಾಗಿ ಪ್ರಬೋಧಿಸಿದೆವು. ಮುಗಿದ ಮೇಲೆ ಹಿರಿಯರೊಬ್ಬರು ಕೈಮುಗಿದು, "ಭಾಳ ಛಂದ ಹೇಳಿದ್ರಿ ಫಾದರ್. ಆದ್ರ ನಮಗೇನೂ ತಿಳೀಲಿಲ್ರಿ" ಎಂದರು. ದೇಹ ಮರಳಿತ್ತು, ನಾಲಗೆ ಮರಳಿರಲಿಲ್ಲ. ಆ ಮಾತು ಇಂದಿಗೂ ತರಗತಿಯಲ್ಲಿ ನಮ್ಮ ಕಿವಿಯಲ್ಲಿದೆ.

6. ಇಂದಿಗೆ ಬೇಕಾದುದು

ಈ ಚರಿತ್ರೆಯ ಬೆಳಕಿನಲ್ಲಿ ಶಾಲಾಮಕ್ಕಳ ವಿನಿಮಯ ಪ್ರವಾಸವನ್ನು ನೋಡಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಹೋಗುವವನಿಗೆ ಕೊಡಲು ಏನಾದರೂ ಇರಬೇಕು. ತನ್ನೂರಿನ ಗದ್ದೆ, ಕೆರೆ, ಮಠ, ತನ್ನ ಪುಟ್ಟ ವಿಶ್ವಾಸಿ ಸಮುದಾಯ ಇವುಗಳ ಪರಿಚಯವಿಲ್ಲದೆ ಹೋದ ಬಾಲಕನದು ವಿನಿಮಯವಲ್ಲ, ಸಾಲ. ರೋಮಿನವರಿಗೆ ಬರೆದ ಪತ್ರದ ಆರಂಭದಲ್ಲಿ ಪೌಲನು ವರ ನೀಡಲು ಬರುವೆನೆಂದು ಹೇಳಿ, ಮರುವಾಕ್ಯದಲ್ಲೇ ಪರಸ್ಪರ ಉತ್ತೇಜನವನ್ನು ಬಯಸುತ್ತಾನೆ. ಪ್ರೇಷಿತನಿಗೇ ಪಡೆಯುವ ಅಗತ್ಯವಿದ್ದ ಮೇಲೆ ಆತಿಥೇಯ ಶಾಲೆಗಳಿಗೂ ಇರಬೇಕು. ಅಲ್ಲಿಯ ಮಕ್ಕಳು ಇಲ್ಲಿಗೆ ಬಂದಾಗ ಅವರಿಗೆ ಬಡತನವನ್ನಷ್ಟೇ ತೋರಿಸಿ ಕಳುಹಿಸಬಾರದು. ಅವರು ನಮ್ಮ ಮನೆಗಳಲ್ಲಿ ರೊಟ್ಟಿ ಉಣ್ಣಲಿ, ಅನ್ಯಧರ್ಮೀಯರ ನಡುವೆ ಅಲ್ಪಸಂಖ್ಯಾತರು ನೆರೆಹೊರೆಯಾಗಿ ಬಾಳುವ ಬಗೆಯನ್ನು ಕಲಿಯಲಿ.

ಎರಡನೆಯದು, ಮರಳುವಿಕೆಗೂ ಸಿದ್ಧತೆ ಬೇಕು. ಕಳುಹಿಸುವ ದಿನ ಆಶೀರ್ವಾದದ ಪೂಜೆ ಇಡುತ್ತೇವೆ. ಬಂದ ದಿನ ಕೇಳಿಸಿಕೊಳ್ಳುವವರಿಲ್ಲ. ಉನ್ನತ ಅಧ್ಯಯನಕ್ಕೆ ಹೊರಡುವ ಗುರುಅಭ್ಯರ್ಥಿಗಳಿಗೂ ಇದು ಅನ್ವಯ. ಹೋಗುವ ಮುನ್ನ ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಒಂದು ವರ್ಷ, ಬಂದ ಮೇಲೆ ಅದೇ ಜನರ ನಡುವೆ ಮತ್ತೊಂದು ವರ್ಷ ಕಳೆಯುವ ಕ್ರಮವಿದ್ದರೆ, ಆ ಹಿರಿಯರ ಮಾತನ್ನು ಇನ್ನೊಬ್ಬ ಗುರು ಕೇಳಬೇಕಾಗದು.

ಅಕ್ಕಿಆಲೂರಿನ ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ ಈಗ ಇಷ್ಟು ತಿಳಿದಿದೆ. ಮಗ ಹೋದವನಂತೆಯೇ ತಿರುಗಿ ಬಾರನು, ಬರಬೇಕಾಗಿಯೂ ಇಲ್ಲ. ಅವನು ನಮ್ಮವನಾಗಿ ಉಳಿಯುವನೇ ಎಂಬುದು ಅವನೊಬ್ಬನ ಕೈಯಲ್ಲಿಲ್ಲ. ತಂದುದನ್ನು ಹೇಳಿಕೊಳ್ಳಲು ಅವನಿಗೆ ಕನ್ನಡದಲ್ಲಿ ಒಂದು ಸಂಜೆಯನ್ನೂ ಕೂರಲು ಒಂದು ಕಟ್ಟೆಯನ್ನೂ ಬಿಟ್ಟುಕೊಡುವ ಹೊಣೆ ನಮ್ಮದು.